ನಾಯಿಗೆಂಥ ಟೆನ್ಷನ್ನು?

ಬೆಂಗಳೂರಿನ ದಂಡು ಪ್ರದೇಶದಲ್ಲಿ ಹುಟ್ಟಿದ ನಾಯಿಗೂ ಅಲ್ಲಿಂದ ಪೂರ್ವಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಹುಟ್ಟಿದ ನಾಯಿಗೂ ಹಣೆಬರಹ ಒಂದೇ ಅಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಆಸುಪಾಸಿನ ನಾಯಿಗೆ ಬೆಳಗಾಗುತ್ತಲೇ ಬೋಟಿ, ಚರ್ಬಿಯ ಚೂರು ಸಿಗುತ್ತದೆ. ಹಲಸೂರು ಕೆರೆಯ ದಂಡೆಯದಕ್ಕೆ ವಾಕಿಂಗ್ ಬಂದವರ ಬಿಸ್ಕತ್ತು. ಇಂದಿರಾನಗರದ್ದು ಅದೃಷ್ಟವಂತ ಜಾತಿ. ಫ್ಯಾನಿನ ಕೆಳಗೆ ಮಲಗಿ, ಗಂಟೆ ಬಾರಿಸಿದವರನ್ನು ಒಂದು ಕಣ್ಣಿನಲ್ಲಿ ಮಾತ್ರ ನೋಡುತ್ತದೆ. ಇನ್ನು ಕೆ.ಆರ್. ಪುರದ ಹಾದಿಯ ಟಿನ್ ಫ್ಯಾಕ್ಟರಿ ನಿಲ್ದಾಣದ ನಾಯಿಯದು ಬೇರೆಯೇ ಬದುಕು. ಹಳೇ ಮದ್ರಾಸು ರಸ್ತೆಯೂ ಹೊರ ವರ್ತುಲ ರಸ್ತೆಯೂ ಕೂಡುವ ಆ ಜಾಗದಲ್ಲಿ ಅದರ ಮೂಗು ಸರಿಯಾಗಿ ವಾಹನಗಳ ಹೊಗೆಕೊಳವೆಯ ಎತ್ತರಕ್ಕಿದೆ. ಅದರ ಮೂಗಿಗಿಂತ ಒಂದೆರಡು ಅಡಿ ಮೇಲೆ, ಬೆನ್ನಿಗೆ ಚೀಲ ಹಾಕಿಕೊಂಡು ಬಸ್ಸು ಕಾಯುವ ಮೂರನೇ ಕ್ಲಾಸಿನ ಮಗುವಿನ ಮೂಗಿದೆ.

2023ರಲ್ಲಿ ನಗರ ಪಾಲಿಕೆ ನಡೆಸಿದ ಗಣತಿಯಲ್ಲಿ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ ಎಂದು ಲೆಕ್ಕ ಸಿಕ್ಕಿತು. ಇಷ್ಟು ಜೀವಗಳು ನಗರದ ಗಾಳಿಯನ್ನು ಹಗಲೂ ರಾತ್ರಿ ಉಸಿರಾಡುತ್ತವೆ. ಇವುಗಳ ರಕ್ತದಲ್ಲಿ ಆ ಗಾಳಿಯ ಗುರುತು ಏನಾದರೂ ಉಳಿದೀತೇ?

ಈ ಪ್ರಶ್ನೆ ಹಲಸೂರಿನ ಹುಡುಗಿಯೊಬ್ಬಳ ತಲೆಗೆ ಹೊಕ್ಕಿತು. ಪಿಯುಸಿ ಮುಗಿದ ಮೇಲೆ ಐದೂವರೆ ವರ್ಷ ಪಶುವೈದ್ಯಕೀಯ ಓದಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸ್ನಾತಕೋತ್ತರಕ್ಕೆ ಸೇರಿದ್ದವಳು. 1958ರಲ್ಲಿ ಶುರುವಾದ ಹಳೆಯ ಕಾಲೇಜು ಅದು. ಥೀಸಿಸ್ಸಿಗೆ ವಿಷಯ ಆರಿಸಿಕೊಂಡು ಬಂದ ಸಂಜೆ ಮನೆಯಲ್ಲಿ ಹೇಳಿದಳು: ನಾಯಿಗಳಲ್ಲಿ ಉತ್ಕರ್ಷಣ ಒತ್ತಡವನ್ನೂ ಉತ್ಕರ್ಷಣ ನಿರೋಧಕಗಳ ಸ್ಥಿತಿಯನ್ನೂ ಅಳೆಯುವುದು. ಅಪ್ಪ ಕನ್ನಡಕ ಮೇಲೇರಿಸಿ, "ನಾಯಿಗೆಂಥ ಟೆನ್ಷನ್ನಮ್ಮಾ?" ಎಂದರು. ಅಮ್ಮ ಒಳಗಿನಿಂದ, "ಈ ಮನೇಲಿದ್ರೆ ನಾಯಿಗೂ ಬರುತ್ತೆ" ಎಂದರು.

ಅಪ್ಪ ವಿಜ್ಞಾನ ಓದಿದವರಲ್ಲ, ಆದರೆ ಅಳತೆ ಗೊತ್ತಿದ್ದವರು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪರೀಕ್ಷೆ ಮಾಡುವ ಕಡೆ ಕೆಲಸದಲ್ಲಿದ್ದರು. 2002ರಲ್ಲಿ ಕಾರ್ಖಾನೆ ಮುಚ್ಚಿದಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಆಮೇಲೆ ಹಲಸೂರಿನಲ್ಲೇ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡು ಮಗಳನ್ನು ಓದಿಸಿದರು. ಟ್ರಾನ್ಸ್‌ಫಾರ್ಮರಿನೊಳಗಿನ ಎಣ್ಣೆ ಬಿಸಿ, ಗಾಳಿ, ತಾಮ್ರ ಈ ಮೂರರ ಸಹವಾಸದಲ್ಲಿ ವರ್ಷಗಟ್ಟಲೆ ಇದ್ದು ಮೆಲ್ಲಗೆ ಹುಳಿಯಾಗುತ್ತದೆ. ಕೊನೆಗೆ ತಳದಲ್ಲಿ ಗಸಿ ಕಟ್ಟುತ್ತದೆ. ಎಷ್ಟು ಹುಳಿಯಾಗಿದೆ ಎಂಬುದನ್ನು ಅಳೆದು, ಎಣ್ಣೆ ಇನ್ನೂ ಎಷ್ಟು ಕಾಲ ಬಾಳೀತೆಂದು ಹೇಳುತ್ತಾರೆ. ಹುಳಿಯಾಗುವುದನ್ನು ತಡೆಯಲು ಕೆಲವು ಬಗೆಯ ಎಣ್ಣೆಗೆ ಒಂದು ನಿರೋಧಕವನ್ನೂ ಬೆರೆಸುತ್ತಾರೆ. ಮಗಳು ವಿವರಿಸತೊಡಗಿದಾಗ ಅಪ್ಪನಿಗೆ ಬಲುಬೇಗ ತಿಳಿದದ್ದು ಈ ಹಳೆಯ ಎಣ್ಣೆಯ ದೆಸೆಯಿಂದ.

ನಾಯಿಯ ಮೈಯಲ್ಲೂ ನಡೆಯುವುದು ಬಹುಮಟ್ಟಿಗೆ ಇದೇ. ಉಸಿರಾಡಿದ ಆಮ್ಲಜನಕ ಜೀವಕೋಶದೊಳಗೆ ಅನ್ನವನ್ನು ಉರಿಸಿ ಶಕ್ತಿ ಕೊಡುತ್ತದೆ. ಆ ಗದ್ದಲದಲ್ಲಿ ಆಮ್ಲಜನಕದ ಒಂದು ಸಣ್ಣ ಪಾಲು ಅರೆಬೆಂದ ರೂಪದಲ್ಲಿ ಹೊರಬೀಳುತ್ತದೆ. ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಅಂಟಿಕೊಂಡಿರುವ ಈ ಸೂಪರಾಕ್ಸೈಡ್ ಮತ್ತು ಅದರ ಸಂತತಿ ಸಿಕ್ಕಿದ್ದನ್ನು ಕೆಣಕುವ ಸ್ವಭಾವದವು. ಜೀವಕೋಶದ ಪೊರೆಯ ಕೊಬ್ಬು ಸಿಕ್ಕಿದರೆ ಅದನ್ನು ಹಳೇ ಕಡಲೇಕಾಯಿ ಎಣ್ಣೆಯಂತೆ ಕಮಟು ಮಾಡಿಬಿಡುತ್ತವೆ. ಹಾಗೆಂದು ಇವು ಬರೀ ದುಷ್ಟರೂ ಅಲ್ಲ. ರಕ್ತದ ಬಿಳಿಕಣಗಳು ರೋಗಾಣುಗಳನ್ನು ಕೊಲ್ಲಲು ಇದೇ ಸೂಪರಾಕ್ಸೈಡನ್ನು ಬೇಕೆಂದೇ ತಯಾರಿಸುತ್ತವೆ.

ಈ ಪುಂಡರನ್ನು ಹದ್ದಿನಲ್ಲಿಡಲು ಮೈಯಲ್ಲಿ ಕಾವಲುಗಾರರಿದ್ದಾರೆ. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮೆಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ವಿಜ್ಞಾನಿಗಳು ಹಸುವಿನ ರಕ್ತಕಣಗಳಿಂದ ಪಡೆದ ಒಂದು ಪ್ರೋಟೀನು ಸೂಪರಾಕ್ಸೈಡನ್ನು ಪಳಗಿಸುವ ಕಿಣ್ವವೆಂದು ತೋರಿಸಿದರು. ಅದು ಹೈಡ್ರೋಜನ್ ಪೆರಾಕ್ಸೈಡ್ ಮಾಡಿ ಕೊಡುತ್ತದೆ. ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಇನ್ನಿಬ್ಬರು ಅದನ್ನು ನೀರಾಗಿಸುತ್ತಾರೆ. ಎರಡನೆಯವನಿಗೆ ಸೆಲೆನಿಯಂ ಎಂಬ ಲವಣಾಂಶ ಬೇಕು. ಪೊರೆಯ ಕೊಬ್ಬಿನೊಳಗೆ ವಿಟಮಿನ್ ಇ ಕಾವಲಿರುತ್ತದೆ. ಪುಂಡರ ಕೈ ಮೇಲಾಗಿ ಕಾವಲುಗಾರರ ಕೈ ಕೆಳಗಾದ ಸ್ಥಿತಿಗೆ 'ಉತ್ಕರ್ಷಣ ಒತ್ತಡ' ಎಂಬ ಹೆಸರು ರೂಢಿಗೆ ಬಂದದ್ದು 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಅವರಿಂದ. ಅಪ್ಪ ಅಂದುಕೊಂಡ ಟೆನ್ಷನ್ನಿಗೂ ಇದಕ್ಕೂ ನೇರ ನಂಟಿಲ್ಲ.

ನಾಯಿಯ ಮೈಯಲ್ಲಿ ಇದನ್ನು ಕಣ್ಣಾರೆ ನೋಡುವ ಒಂದು ಸಂದರ್ಭ ಪ್ರತಿ ಮನೆಯ ಅಡಿಗೆಮನೆಯಲ್ಲೇ ಇದೆ. ಅದು ಈರುಳ್ಳಿ. ಈರುಳ್ಳಿಯ ಗಂಧಕಯುಕ್ತ ವಸ್ತುಗಳು ನಾಯಿಯ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನನ್ನು ಉತ್ಕರ್ಷಿಸಿ ಗಂಟು ಕಟ್ಟಿಸುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಣದ ಅಂಚಿಗೆ ಗುಬಟಿನಂತೆ ಕಾಣುವ ಈ ಗಂಟಿಗೆ ಹೈನ್ಸ್ ಕಾಯ ಎಂದು ಹೆಸರು. ಮೊದಲು ವರ್ಣಿಸಿದ ಜರ್ಮನ್ ವೈದ್ಯನ ನೆನಪಿಗೆ. ಗಂಟುಬಿದ್ದ ಕಣಗಳು ಒಡೆಯುತ್ತವೆ, ನಾಯಿ ಬಿಳಿಚಿಕೊಳ್ಳುತ್ತದೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ನಾಯಿಯ ಪ್ರತಿ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಸಾಕು. ಹತ್ತು ಕಿಲೋದ ನಾಯಿಗೆ ಎರಡು ದೊಡ್ಡ ಗಡ್ಡೆ. ಬೇಯಿಸಿದರೂ ಅದರ ವಿಷ ಹೋಗದು. ಹಾಗಾಗಿ ಮಿಕ್ಕಿದ ಈರುಳ್ಳಿ ಸಾಂಬಾರು ಅನ್ನವನ್ನು ನಾಯಿಗೆ ಸುರಿಯುವ ಔದಾರ್ಯ ಒಳ್ಳೆಯದಲ್ಲ. ಜ್ವರವೆಂದು ಮನೆಯ ಪ್ಯಾರಾಸಿಟಮಾಲ್ ಮಾತ್ರೆ ನುಂಗಿಸುವುದಂತೂ ಬೇಡವೇ ಬೇಡ. ಅದು ಯಕೃತ್ತಿನ ಗ್ಲುಟಾಥಯೋನ್ ದಾಸ್ತಾನನ್ನು ಬರಿದು ಮಾಡುತ್ತದೆ.

ಇಂದಿರಾನಗರದ ಮನೆಗಳಲ್ಲಿ ಈಗ ಇನ್ನೊಂದು ತೊಂದರೆ. ಮುದಿಯಾದ ಲ್ಯಾಬ್ರಡಾರಿಗೆ ಉತ್ಕರ್ಷಣ ನಿರೋಧಕ ಪುಡಿ ಎಂದು ಡಬ್ಬಿಗಟ್ಟಲೆ ತರುತ್ತಾರೆ. ನೆಲ್ಲಿಕಾಯಿ ರಸ ಕುಡಿಸುವವರೂ ಇದ್ದಾರೆ. ಮನುಷ್ಯನಿಗೂ ಕೋತಿಗೂ ವಿಟಮಿನ್ ಸಿ ಹೊರಗಿನಿಂದಲೇ ಬರಬೇಕು. ಆರೋಗ್ಯವಂತ ನಾಯಿ ಅದನ್ನು ತನ್ನ ಯಕೃತ್ತಿನಲ್ಲೇ ಮಾಡಿಕೊಳ್ಳುತ್ತದೆ. ನಿಂಬೆಹಣ್ಣಿನ ಹಂಗು ಅದಕ್ಕಿಲ್ಲ. ಹಾಗಾದರೆ ಡಬ್ಬಿಯೆಲ್ಲ ಬೂಟಾಟಿಕೆಯೇ? ಹಾಗೂ ಹೇಳುವಂತಿಲ್ಲ. ಉತ್ತರ ಅಮೆರಿಕದಲ್ಲಿ ಮುದಿ ಬೀಗಲ್ ನಾಯಿಗಳ ಮೇಲೆ ವರ್ಷಗಟ್ಟಲೆ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಕೆಲವಕ್ಕೆ ವಿಟಮಿನ್ ಇ, ಸಿ ಮುಂತಾದವು ಸೇರಿದ ಆಹಾರ ಕೊಟ್ಟರು, ಕೆಲವಕ್ಕೆ ಜೊತೆಗಾರ ನಾಯಿ, ಆಟಿಕೆ, ನಡಿಗೆ, ಹೊಸ ಪಾಠ, ಕೆಲವಕ್ಕೆ ಎರಡೂ. ಆಹಾರದಿಂದಲೂ ಪ್ರಯೋಜನವಾಯಿತು, ಒಡನಾಟದಿಂದಲೂ ಆಯಿತು. ಎರಡೂ ಸಿಕ್ಕ ಮುದುಕರೇ ಕಲಿಕೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತರು. ಡಬ್ಬಿಗೆ ಕೊಡುವ ದುಡ್ಡಿನ ಜೊತೆಗೆ ದಿನಕ್ಕೆ ಅರ್ಧ ಗಂಟೆಯನ್ನೂ ಕೊಡಬೇಕಾಗುತ್ತದೆ, ಅದೇ ಕಷ್ಟ.

ಹೊಗೆಯ ವಿಚಾರಕ್ಕೆ ಬಂದರೆ, ಹುಡುಗಿಯ ಪ್ರಶ್ನೆ ಗಾಳಿಯಿಂದ ಹುಟ್ಟಿದ್ದಲ್ಲ. ಮೆಕ್ಸಿಕೊ ನಗರದ ನಾಯಿಗಳನ್ನು ಶುದ್ಧ ಗಾಳಿಯ ಊರಿನ ನಾಯಿಗಳ ಜೊತೆ ಹೋಲಿಸಿ ಕಾಲ್ದೆರೋನ್ ಗಾರ್ಸಿದುಯೆನ್ಯಾಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2002ರಲ್ಲಿ ಒಂದು ವರದಿ ಪ್ರಕಟಿಸಿದರು. ಮಲಿನ ನಗರದ ನಾಯಿಗಳ ಮೂಗಿನಲ್ಲಷ್ಟೇ ಅಲ್ಲದೆ ಮಿದುಳಿನಲ್ಲೂ ಉರಿಯೂತ ಕಂಡಿತ್ತು; ಅಲ್‌ಜೈಮರ್ ರೋಗದಲ್ಲಿ ಕಾಣುವಂಥ ಗುರುತುಗಳೂ ಇದ್ದವು. ನಾಯಿ ಮನುಷ್ಯನ ಗಾಳಿಯನ್ನೇ ಉಸಿರಾಡುತ್ತದೆ, ಸಿಗರೇಟು ಸೇದುವುದಿಲ್ಲ, ಬೇಗ ಮುಪ್ಪಾಗುತ್ತದೆ. ಅದಕ್ಕೇ ಅದರ ಮೈ ಮುನ್ಸೂಚನೆ ಕೊಡಬಲ್ಲದು. ಟಿನ್ ಫ್ಯಾಕ್ಟರಿಯ ನಾಯಿಗಳನ್ನೂ ದಂಡಿನ ಮರಗಳ ಸಾಲಿನ ನಾಯಿಗಳನ್ನೂ ಹೋಲಿಸಿದರೆ ಏನಾದರೂ ಕಂಡೀತೆಂಬುದು ಅವಳ ಆಸೆ. ಕಂಡರೆ ಆ ನಿಲ್ದಾಣದಲ್ಲಿ ಬಸ್ಸು ಕಾಯುವ ಮಕ್ಕಳ ಪರವಾಗಿ ಒಂದು ಮಾತು ಹೇಳಬಹುದು.

ಪ್ರಾಣಿಗಳ ಮೇಲಿನ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದಕ್ಕೆ ಅವಳು ಹುಡುಕಿಕೊಂಡ ದಾರಿ ಸರಳ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ತಂದ ನಾಯಿಗಳ ರಕ್ತವನ್ನು ಹೇಗೂ ತಪಾಸಣೆಗೆ ತೆಗೆಯುತ್ತಾರೆ. ಅದೇ ಸೂಜಿಯಲ್ಲಿ ಇನ್ನೆರಡು ಮಿಲಿಲೀಟರ್ ಸಿಕ್ಕರೆ ನಾಯಿಗೆ ಬೇರೆ ಚುಚ್ಚುವ ಹಿಂಸೆಯಿಲ್ಲ. 2001ರ ನಿಯಮವೂ 2023ರ ನಿಯಮವೂ ಹಿಡಿದ ಜಾಗದಲ್ಲೇ ನಾಯಿಯನ್ನು ಮರಳಿ ಬಿಡಬೇಕೆನ್ನುತ್ತವೆ. ಹಾಗಾಗಿ ಯಾವ ನಾಯಿ ಯಾವ ಬೀದಿಯದೆಂಬ ದಾಖಲೆಯೂ ಇರುತ್ತದೆ. ಬೀದಿನಾಯಿಯ ಕಿವಿಯಲ್ಲಿ ಸಣ್ಣ ಕಚ್ಚು ಕಂಡರೆ ಅದಕ್ಕೆ ಈ ಆಪರೇಷನ್ ಆಗಿದೆ ಎಂದರ್ಥ.

ಅಳೆಯುವುದು ಹೇಗೆ? ಪುಂಡರನ್ನು ನೇರವಾಗಿ ಹಿಡಿಯುವುದು ಕಷ್ಟ. ಕ್ಷಣದೊಳಗೆ ಮಾಯವಾಗುತ್ತವೆ. ಅವು ಮಾಡಿಹೋದ ಹಾನಿಯನ್ನು ಹುಡುಕಬೇಕು, ಕಳ್ಳ ಓಡಿದ ಮೇಲೆ ಮುರಿದ ಬೀಗ ನೋಡುವ ಹಾಗೆ. ಕಮಟಾದ ಕೊಬ್ಬಿನಿಂದ ಮ್ಯಾಲೊಂಡಿಆಲ್ಡಿಹೈಡ್ ಎಂಬ ವಸ್ತು ಹೊರಬರುತ್ತದೆ. ಅದನ್ನು ಥಯೋಬಾರ್ಬಿಟ್ಯೂರಿಕ್ ಆಮ್ಲದ ಜೊತೆ ಕುದಿಸಿದರೆ ಚಂದದ ಗುಲಾಬಿ ಬಣ್ಣ. 532 ನ್ಯಾನೊಮೀಟರ್ ಬೆಳಕಿನಲ್ಲಿ ಯಂತ್ರ ಆ ಬಣ್ಣದ ಗಾಢತೆಯನ್ನು ಅಂಕಿಯಾಗಿ ಕೊಡುತ್ತದೆ. ಮಾಂಸ ಕಮಟಾಗಿದೆಯೇ ಎಂದು ನೋಡಲು ಆಹಾರ ತಜ್ಞರೂ ಬಳಸುವ ಅಗ್ಗದ ಪರೀಕ್ಷೆ ಇದು. ಕಾವಲುಗಾರರ ಬಲ ಅಳೆಯಲು 1996ರಲ್ಲಿ ಬೆಂಜಿ ಮತ್ತು ಸ್ಟ್ರೇನ್ ಎಂಬವರು ಪ್ರಕಟಿಸಿದ ವಿಧಾನವಿದೆ. ರಕ್ತರಸವು ಕಬ್ಬಿಣದ ಒಂದು ರೂಪವನ್ನು ಇನ್ನೊಂದಕ್ಕೆ ಇಳಿಸಿದಷ್ಟೂ ನೀಲಿ ಬಣ್ಣ ಏರುತ್ತದೆ. ಇದರಲ್ಲೊಂದು ತಮಾಷೆ. ಮನುಷ್ಯನ ರಕ್ತದಲ್ಲಿ ಆ ನೀಲಿಯ ದೊಡ್ಡ ಪಾಲು ಯೂರಿಕ್ ಆಮ್ಲದ್ದು. ನಾಯಿ ಯೂರಿಕ್ ಆಮ್ಲವನ್ನು ಬೇರೆಯದಾಗಿ ಮಾರ್ಪಡಿಸಿ ಹೊರಹಾಕುತ್ತದೆ. ಚುಕ್ಕೆಚುಕ್ಕೆಯ ಡಾಲ್ಮೇಷಿಯನ್ ಮಾತ್ರ ಅದರಲ್ಲಿ ಹಿಂದೆ. ಆದ್ದರಿಂದ ಮನುಷ್ಯರ ಕೋಷ್ಟಕ ಹಿಡಿದು ನಾಯಿಗೆ 'ಕಡಿಮೆ ಇದೆ' ಎಂದು ತೀರ್ಪು ಕೊಟ್ಟರೆ ನಗೆಪಾಟಲು.

ಇನ್ನೂ ನಂಬಿಕಸ್ತ ಪರೀಕ್ಷೆ ಐಸೊಪ್ರೋಸ್ಟೇನ್‌ಗಳದು, 1990ರಿಂದ ಬಳಕೆಗೆ ಬಂದದ್ದು. ಅದನ್ನು ಮೂತ್ರದಲ್ಲೂ ಅಳೆಯಬಹುದು. ಬೀದಿನಾಯಿಗೆ ಮೂತ್ರದ ಬರವಿಲ್ಲ, ಪ್ರತಿ ಕಂಬವೂ ಸಾಕ್ಷಿ, ಹಿಡಿಯುವವರದ್ದೇ ಬರ. ಮೇಲಾಗಿ ಆ ಪರೀಕ್ಷೆಗೆ ಬೇಕಾಗುವ ಯಂತ್ರದ ಬೆಲೆ ಕೇಳಿದರೆ ವಿದ್ಯಾರ್ಥಿಯ ಮೈಯಲ್ಲೇ ಉತ್ಕರ್ಷಣ ಒತ್ತಡ ಏರೀತು. ಹುಡುಗಿ ಗುಲಾಬಿ ಬಣ್ಣವನ್ನೇ ನೆಚ್ಚಿಕೊಂಡಳು.

ಗೈಡ್ ಮೊದಲು ಪರೀಕ್ಷಾರ್ಥವಾಗಿ ಎರಡೂ ಕಡೆಯಿಂದ ನಾಲ್ಕು ನಾಲ್ಕು ಮಾದರಿ ತರಲು ಹೇಳಿದ್ದರು. ತಂದಳು, ಕುದಿಸಿದಳು. ದಂಡಿನ ಕಡೆಯ ನಾಲ್ಕು ಕೊಳವೆ ತೆಳು ಗುಲಾಬಿ. ಕೆ.ಆರ್. ಪುರದ ಕಡೆಯ ನಾಲ್ಕೂ ಕನಕಾಂಬರದಂತೆ ಗಾಢ. ಅಂದು ಸಂಜೆ ಮನೆಗೆ ಬಂದವಳ ಮುಖ ನೋಡಿಯೇ ಅಮ್ಮ ಕೇಸರಿಬಾತಿಗೆ ರವೆ ಹುರಿಯಲು ಕುಳಿತರು.

ಅಪ್ಪ ಮಾತ್ರ ಎರಡು ಪ್ರಶ್ನೆ ಕೇಳಿದರು. "ಎರಡು ಕಡೆಯ ರಕ್ತವೂ ಹೆಬ್ಬಾಳಕ್ಕೆ ಎಷ್ಟು ಹೊತ್ತಿಗೆ ತಲುಪಿತು?"

ದಂಡಿನ ಕಡೆಯದು ಜಯಮಹಲ್, ಮೇಖ್ರಿ ವೃತ್ತದ ಮೇಲೆ ಹಾಯ್ದು ಮುಕ್ಕಾಲು ಗಂಟೆಯಲ್ಲಿ ಲ್ಯಾಬ್ ಸೇರಿತ್ತು. ಕೆ.ಆರ್. ಪುರದ್ದು ಟಿನ್ ಫ್ಯಾಕ್ಟರಿ, ರಾಮಮೂರ್ತಿನಗರ, ಹೆಣ್ಣೂರು, ನಾಗವಾರ ಎಂದು ವರ್ತುಲ ರಸ್ತೆಯ ಒಂದೊಂದು ಸಿಗ್ನಲ್ಲಿನಲ್ಲೂ ನಿಂತು ಎರಡೂವರೆ ಗಂಟೆ ತೆಗೆದುಕೊಂಡಿತ್ತು. ಡಬ್ಬಿಯ ಐಸು ನೀರಾಗಿತ್ತು.

"ಎಣ್ಣೆ ಸ್ಯಾಂಪಲ್ಲನ್ನ ನಾವು ಕಂದು ಬಾಟಲಿಗೆ ಕಂಠಪೂರ್ತಿ ತುಂಬಿ ಬಿರಡೆ ಹಾಕ್ತಿದ್ವಿ. ಅರ್ಧ ಬಾಟಲಿ ತಂದ್ರೆ ಮೇಸ್ತ್ರಿ ವಾಪಸ್ ಕಳಿಸೋರು. ಒಳಗಿರೋ ಗಾಳಿ ಎಣ್ಣೇನ ಹುಳಿ ಮಾಡಿದ್ರೆ, ಅದು ಟ್ರಾನ್ಸ್‌ಫಾರ್ಮರ್ ಹುಳಿಯೋ ಬಾಟಲಿ ಹುಳಿಯೋ ಅಂತ ಯಾರು ಹೇಳ್ತಾರಮ್ಮ?" ಎಂದರು ಅಪ್ಪ. ಆಮೇಲೆ ಎರಡನೆಯದು: "ಅದಿರಲಿ, ನಾಯಿ ಹಿಡಿಯುವಾಗ ಓಡಿಸಿದ್ರಾ?"

ಓಡಿಸದೆ ಬಲೆಗೆ ಬೀಳುವ ನಾಯಿ ಯಾವುದು! ಓಟವೂ ಲೆಕ್ಕಕ್ಕೆ ಬರುತ್ತದೆ. ದಿನಗಟ್ಟಲೆ ಓಡುವ ಹಿಮಗಾಡಿ ನಾಯಿಗಳಲ್ಲಿ ವಿಟಮಿನ್ ಇ ಇಳಿದು ಐಸೊಪ್ರೋಸ್ಟೇನ್ ಏರಿದ್ದನ್ನು 2000ದಲ್ಲೇ ವರದಿ ಮಾಡಿದ್ದಾರೆ. ಎರಡು ನಿಮಿಷದ ಓಟ ಅಷ್ಟು ಮಾಡದಿದ್ದರೂ, ಒಂದು ಕಡೆಯವು ಓಡಿ ಇನ್ನೊಂದು ಕಡೆಯವು ಬಿಸ್ಕತ್ತಿಗೆ ತಾವೇ ಬಂದಿದ್ದರೆ ಹೋಲಿಕೆ ಕೆಟ್ಟಂತೆಯೇ. ಅಂದು ರಾತ್ರಿ ಕೇಸರಿಬಾತು ಯಾರಿಗೂ ರುಚಿಸಲಿಲ್ಲ.

ಇಂಥ ಹೊತ್ತಿನಲ್ಲಿ ಆ ಎಂಟು ಅಂಕಿಗಳನ್ನು ಹಾಗೇ ಉಳಿಸಿಕೊಂಡು ಮುಂದೆ ಹೋಗಬಹುದಿತ್ತು. ಥೀಸಿಸ್ಸಿಗೆ ಬೇಕಾದ ಉತ್ತರವೇ ಬಂದಿತ್ತಲ್ಲ! ಪರೀಕ್ಷಕರು ಐಸಿನ ಸುದ್ದಿ ಕೇಳುತ್ತಾರೆಂಬ ಖಾತ್ರಿಯಿಲ್ಲ. ಎರಡು ವರ್ಷದ ಕೋರ್ಸು, ಅದರಲ್ಲಿ ಆರು ತಿಂಗಳು ಆಗಲೇ ಕಳೆದಿತ್ತು. ವಿದ್ಯಾರ್ಥಿಗಳ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಕಡಿಮೆ, ಅದಕ್ಕೆ ಯಾರೂ ಮಾರ್ಕ್ಸ್ ಹಾಕುವುದಿಲ್ಲ.

ಮರುವಾರ ಅವಳು ಗೈಡ್ ಅವರ ಒಪ್ಪಿಗೆ ಪಡೆದು ಒಂದು ಸಣ್ಣ ಪ್ರಯೋಗ ಮಾಡಿದಳು. ಒಂದೇ ನಾಯಿ, ಒಂದೇ ಸಿರಿಂಜು, ಎರಡು ಕೊಳವೆ. ಒಂದನ್ನು ತಕ್ಷಣ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ರಕ್ತರಸವನ್ನು ಬೇರ್ಪಡಿಸಿ ಐಸಿನಲ್ಲಿಟ್ಟಳು. ಇನ್ನೊಂದನ್ನು ಎರಡೂವರೆ ಗಂಟೆ ಮೇಜಿನ ಮೇಲೆ ಬಿಟ್ಟಳು. ಕುದಿಸಿದಾಗ ಎರಡನೆಯದೇ ಹೆಚ್ಚು ಗುಲಾಬಿ. ಕಾದ ರಕ್ತದಲ್ಲಿ ಕೆಲವು ಕೆಂಪುಕಣಗಳು ಒಡೆದು ಅವುಗಳ ಕಬ್ಬಿಣ ಹೊರಬಂದು, ಕೊಳವೆಯೊಳಗೇ ಕೊಬ್ಬನ್ನು ಕೆಣಕಿತ್ತು. ಕೆ.ಆರ್. ಪುರದ ಕನಕಾಂಬರದಲ್ಲಿ ಎಷ್ಟು ಪಾಲು ನಾಯಿಯದು, ಎಷ್ಟು ಪಾಲು ವರ್ತುಲ ರಸ್ತೆಯ ಟ್ರಾಫಿಕ್ಕಿನದು ಎಂದು ಬೇರ್ಪಡಿಸುವ ಉಪಾಯ ಇರಲಿಲ್ಲ. ಎಂಟೂ ಅಂಕಿಗಳ ಮೇಲೆ ಅಡ್ಡಗೆರೆ ಬಿತ್ತು.

ಆಮೇಲೆ ಪಟ್ಟಿ ಬೆಳೆಯುತ್ತಾ ಹೋಯಿತು. ಶಿವಾಜಿನಗರದ ನಾಯಿ ಬೆಳಗ್ಗೆ ಚರ್ಬಿ ತಿಂದಿದ್ದರೆ ರಕ್ತರಸ ಹಾಲಿನಂತೆ ಬೆಳ್ಳಗಿರುತ್ತದೆ, ಬಣ್ಣದ ಅಳತೆ ಕೆಡುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆಂದು ರಾತ್ರಿಯಿಡೀ ಉಪವಾಸವಿದ್ದವನ್ನೇ ಆರಿಸಬೇಕು. ಹಿಡಿದು ತಂದ ದಿನವೇ ಬೇಡ, ಒಂದು ದಿನ ಸುಧಾರಿಸಿಕೊಳ್ಳಲಿ. ಉಣ್ಣಿಯಿಂದ ಹರಡುವ ಎರ್ಲಿಕಿಯಾ, ಬಬೇಸಿಯಾ ಇದ್ದರೂ ಅಂಕಿ ಏರಬಹುದು, ಆದ್ದರಿಂದ ಗಾಜಿನ ಮೇಲೆ ರಕ್ತ ಸವರಿ ನೋಡಬೇಕು. ಕಜ್ಜಿಯ ನಾಯಿಯನ್ನು ಬಿಡಬೇಕು. ಕಜ್ಜಿ ಹಿಡಿದ ನಾಯಿಗಳಲ್ಲಿ ಉತ್ಕರ್ಷಣ ಒತ್ತಡ ಹೆಚ್ಚಿರುವುದನ್ನು ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಮೊದಲೇ ತೋರಿಸಿದ್ದಾರೆ. ಪ್ರತಿ ಕೊಳವೆಗೂ ರಕ್ತ ಬಿದ್ದ ಕ್ಷಣದಿಂದ ಎಷ್ಟು ನಿಮಿಷವೆಂದು ಬರೆಯಬೇಕು. ರಕ್ತರಸಕ್ಕೆ ಒಂದು ಹನಿ ಬಿಎಚ್‌ಟಿ ಸೇರಿಸಬೇಕು. ಹಾಗೆ ಮಾಡಿದರೆ ಕುದಿಸುವಾಗ ಹೊಸದಾಗಿ ಕಮಟಾಗುವುದಿಲ್ಲ. ಈ ಬಿಎಚ್‌ಟಿಯ ಪೂರ್ತಿ ಹೆಸರನ್ನು ಅವಳು ಓದಿ ಹೇಳಿದಾಗ ಅಪ್ಪ ಕುರ್ಚಿಯಿಂದ ಎದ್ದರು. ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಬೆರೆಸುತ್ತಿದ್ದ ನಿರೋಧಕ ಅದೇ! ಕೆಲವು ಒಣ ನಾಯಿ ಆಹಾರಗಳಲ್ಲಿ ಕೊಬ್ಬು ಕೆಡದಿರಲೆಂದು ಹಾಕುವುದೂ ಅದನ್ನೇ.

ರಕ್ತವನ್ನು ಹೆಬ್ಬಾಳಕ್ಕೆ ಒಯ್ಯುವ ಬದಲು ಸೆಂಟ್ರಿಫ್ಯೂಜನ್ನೇ ನಾಯಿ ಇರುವಲ್ಲಿಗೆ ಒಯ್ಯುವುದೆಂದಾಯಿತು. ಹೊಸದಕ್ಕೆ ದುಡ್ಡಿರಲಿಲ್ಲ. ಗುಜರಿ ಸೇರಲಿದ್ದ ಎಂಟು ಕೊಳವೆಯ ಒಂದು ಹಳೆಯ ಯಂತ್ರ ಸಿಕ್ಕಿತು, ಮೋಟಾರು ಸುಟ್ಟಿತ್ತು. ಅಪ್ಪ ಅದನ್ನು ಅಂಗಡಿಗೆ ಒಯ್ದು ಎರಡು ರಾತ್ರಿ ಕೂತು ಹೊಸ ತಂತಿ ಸುತ್ತಿ, ಕಾರ್ಬನ್ ಬ್ರಷ್ ಬದಲಿಸಿದರು. ಸ್ಕೂಟರಿನ ಮುಂದೆ ಯಂತ್ರ, ಹಿಂದೆ ಮಗಳು, ಅವಳ ತೊಡೆಯ ಮೇಲೆ ಐಸಿನ ಡಬ್ಬಿ. ಕೆ.ಆರ್. ಪುರದ ಕಡೆಯ ಕೇಂದ್ರದ ವರಾಂಡದಲ್ಲಿ ಮೇಜಿನ ಮೇಲೆ ಯಂತ್ರ ಇಟ್ಟ ಮೇಲೆ ಅಪ್ಪ ಒಂದು ಲೋಟ ನೀರು ತರಿಸಿ ಪಕ್ಕದಲ್ಲಿಟ್ಟು, ಮೇಜು ಓರೆಯಿಲ್ಲವೆಂದು ಬಗ್ಗಿ ನೋಡಿದರು. ಒಂದು ಕಾಲಿನ ಕೆಳಗೆ ಮಡಿಚಿದ ಕಾಗದ ಸೇರಿಸಿದರು. ಬೋನಿನೊಳಗಿಂದ ಕಂದು ನಾಯಿಯೊಂದು ಕಿವಿ ನೆಟ್ಟಗೆ ಮಾಡಿ ಈ ಸಡಗರವನ್ನೆಲ್ಲ ಗಮನಿಸುತ್ತಿತ್ತು. ಹುಡುಗಿ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು: ಮೊದಲನೇ ನಾಯಿ, ಹೆಣ್ಣು, 9 ಗಂಟೆ 10 ನಿಮಿಷ.